ಖಾಲಿ ಹಗ್ಗ

ಶನಿವಾರ ಸಂಜೆ ಗೇಟಿನ ದೀಪ ಹಚ್ಚುವ ಮೊದಲು ಅಂಗಳದ ಹಗ್ಗ ಖಾಲಿಯಾಗಬೇಕು. ಬಟ್ಟೆ ಒಣಗಿರಲಿ, ಬಿಡಲಿ. ಎಬಿನೇಜರ್ ಅವರ ಮನೆಯ ಕಾಯಿದೆ ಅದು. ಸಪ್ತಾಪುರದ ಆ ಓಣಿಯಿಂದ ಭಾನುವಾರ ಚರ್ಚಿಗೆ ಹೋಗುವವರೆಲ್ಲ ಈ ಮನೆಯ ಅಂಗಳದತ್ತ ಒಮ್ಮೆ ಕಣ್ಣು ಹಾಯಿಸುತ್ತಾರೆಂದು ಅವರು ನಂಬಿದ್ದರು. ಅಜ್ಜನ ಕಾಲದಿಂದ ಸಬ್ಬತ್ ದಿನ, ಯಾವ ಕೆಲಸವನ್ನೂ ಮುಟ್ಟಬಾರದ ಭಾನುವಾರ, ಆ ಹಗ್ಗದ ಮೇಲೆ ಒಂದು ಕರವಸ್ತ್ರವೂ ಕಂಡಿಲ್ಲ ಎಂದು ಸಭೆಯ ಹಿರಿಯರಾಗಿ ನಾಲ್ಕು ಜನರೆದುರು ಹೇಳಿಕೊಂಡಿದ್ದರು. ಅಷ್ಟು ವರ್ಷ ಆ ಹಗ್ಗಕ್ಕೆ ಬಟ್ಟೆ ಹಾಕಿದವರು, ತೆಗೆದವರು ಯಾರು ಎಂದು ಅವರನ್ನು ಯಾರೂ ಕೇಳಿರಲಿಲ್ಲ.

ಈಗ ಹಾಕುವವಳೂ ತೆಗೆಯುವವಳೂ ಸೊಸೆ ಹನ್ನಾ.

ಮಳೆ ಹಿಡಿದು ವಾರಗಳಾಗಿದ್ದವು. ಧೋ ಎಂದು ಸುರಿದು ಮುಗಿಸುವ ಮಳೆಯಾಗಿದ್ದರೆ ಅವಳು ಕ್ಷಮಿಸುತ್ತಿದ್ದಳೇನೋ. ಇದು ನಿಂತಂತೆ ಮಾಡಿ, ಅವಳು ಬಕೆಟ್ ಹಿಡಿದು ಹೊರಗೆ ಬಂದಕೂಡಲೇ ಮತ್ತೆ ಉದುರುವ ಮಳೆ. ಮನೆಯ ನಡುಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ಹಳೆಯ ಸೀರೆಯ ಅಂಚು ಕಟ್ಟಿ ಬಟ್ಟೆ ಹಾಕಿದ್ದಳು. ಫ್ಯಾನಿನ ಕೆಳಗಿನ ಜಾಗ ಮಾವನ ಧೋತರಕ್ಕೆ. ಅದರಾಚೆ ಗಂಡ ಗಿಡಿಯನ್‌ನ ಪ್ಯಾಂಟು. ಮಗಳು ಏಂಜೆಲಿನಾಳ ಶಾಲೆಯ ಸಾಕ್ಸು ಕುಕ್ಕರಿನ ಮುಚ್ಚಳದ ಮೇಲೆ. ಹನ್ನಾಳ ಬಟ್ಟೆಗೆ ಬಚ್ಚಲಿನ ಬಾಗಿಲು. ಮನೆಯವರು ಒಬ್ಬರನ್ನೊಬ್ಬರು ನೋಡುವುದು ಬಿಟ್ಟಿದ್ದರು. ಒದ್ದೆ ಬಟ್ಟೆಯ ಆಚೆಯಿಂದ ಚಹಾ ಕೇಳುತ್ತಿದ್ದರು, ಬಟ್ಟೆಯ ಆಚೆಯಿಂದಲೇ ಬೈಯುತ್ತಿದ್ದರು. ಕೈಯೊಂದು ಧೋತರ ಸರಿಸಿ ಲೋಟ ಇಟ್ಟು ಹೋಗುತ್ತಿತ್ತು. ಆ ಕೈ ಹನ್ನಾಳದು.

ಎಲ್ಲದಕ್ಕೂ ಒಂದೇ ವಾಸನೆ. ಮುಗ್ಗಲು.

ಹುಬ್ಬಳ್ಳಿಯ ವಿದ್ಯಾನಗರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಅವಳಿಗೆ ಹೊಸದಾಗಿ ನರ್ಸ್ ಕೆಲಸ ಸಿಕ್ಕಿತ್ತು, ಇನ್ನೂ ಕಾಯಂ ಆಗಿರಲಿಲ್ಲ. ಆಪರೇಷನ್ ಆದವರ ವಾರ್ಡು. ಬಾಗಿಲಲ್ಲಿ ಇನ್‌ಚಾರ್ಜ್ ಆರತಿ ಸಿಸ್ಟರ್ ನಿಂತು ಒಬ್ಬೊಬ್ಬರ ಕಾಲರಿನ ಬಳಿ ಮೂಗು ತರುತ್ತಿದ್ದರು. ಎರಡು ಸಲ ಹನ್ನಾಳನ್ನು ಬದಿಗೆ ನಿಲ್ಲಿಸಿದ್ದರು. ಶುಕ್ರವಾರ ಎಲ್ಲರಿಗೂ ಕೇಳುವಂತೆ ಹೇಳಿದರು:

"ಪೇಶಂಟಿನ ಗಾಯದ ಮ್ಯಾಲ ಬಗ್ಗಾಕಿ ನೀನು. ಮುಗ್ಗಿದ ಬಟ್ಟಿ ಹಾಕ್ಕೊಂಡು ಬರಬ್ಯಾಡ. ಸೋಮವಾರನೂ ಹಿಂಗಽ ಬಂದ್ರ ಒಳಗ ಬಿಡೂದಿಲ್ಲ. ಆಮ್ಯಾಲ ಬರೂದಽ ಬ್ಯಾಡ."

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಣಗಿಸುವ ಮಷೀನು ಇತ್ತು. ದುಂಡನೆಯ ಗಾಜಿನ ಹಿಂದೆ ಹಾಸಿಗೆಯ ಚಾದರಗಳು ಬಿಸಿಯಲ್ಲಿ ಉರುಳಾಡುವುದನ್ನು ಅವಳು ಊಟದ ಹೊತ್ತಿನಲ್ಲಿ ನಿಂತು ನೋಡಿದ್ದಳು. ಸಿಬ್ಬಂದಿಯ ಬಟ್ಟೆ ಹಾಕುವಂತಿಲ್ಲ ಎಂದು ಮೇಲೆ ಬರೆದಿತ್ತು. ಮನೆಗೆ ಬಂದು ಗ್ಯಾಸ್ ಒಲೆಯ ಮೇಲೆ ಹಿಡಿದು ಒಣಗಿಸಲು ಹೋಗಿ ಒಂದು ಯೂನಿಫಾರ್ಮಿನ ಬೆನ್ನು ಸುಟ್ಟಳು. ಉಳಿದದ್ದು ಒಂದೇ. ಅದಕ್ಕೆ ಇಸ್ತ್ರಿ ಹಾಕಿದರೆ ನೀರು ಹೋಗುತ್ತಿತ್ತು, ವಾಸನೆ ಇನ್ನಷ್ಟು ಗಟ್ಟಿಯಾಗಿ ಕೂರುತ್ತಿತ್ತು. ಅದಕ್ಕೆ ಬೇಕಾಗಿದ್ದದ್ದು ಬಿಸಿಲು.

ಶನಿವಾರ ಸಂಜೆ ಎಬಿನೇಜರ್ ತಮ್ಮ ಕೋಲನ್ನು ಹಗ್ಗದ ಉದ್ದಕ್ಕೂ ಆಡಿಸಿ ಖಾಲಿ ಇದೆಯೆಂದು ಖಾತ್ರಿ ಮಾಡಿಕೊಂಡರು.

"ಮಾವಾರ, ನಾಳೆ ಬಿಸಲು ಬಿದ್ರ ನನ್ನ ಯೂನಿಫಾರ್ಮ್ ಒಂದ ಹಾಕತೇನ್ರಿ. ಒಂದಽ ಒಂದು," ಎಂದಳು ಹನ್ನಾ.

"ಹಾಕ್ತೀಯೇನು?"

"ನೌಕರಿ ಹೋಗತೈತ್ರಿ."

"ಹೋಗಲಿ. ನಿನ್ನ ನೌಕರಿ ಬರೂಕಿಂತ ಮೊದಲು ಈ ಮನ್ಯಾಗ ಉಪವಾಸ ಇದ್ವೇನು? ಸಬ್ಬತ್ ದಿನ ಹಗ್ಗದ ಮ್ಯಾಲ ಬಟ್ಟಿ ಇರಬಾರದು. ಮುಗೀತು."

ಗಿಡಿಯನ್ ಧೋತರದ ಆಚೆ ಮೊಬೈಲ್ ನೋಡುತ್ತ ಕೂತಿದ್ದ. ಬಟ್ಟೆಯ ಮೇಲೆ ಅದರ ನೀಲಿ ಬೆಳಕು ಕಾಣುತ್ತಿತ್ತು.

"ನೀವರ ಒಂದ್ ಮಾತ ಹೇಳ್ರಿ," ಎಂದಳು.

ನೀಲಿ ಬೆಳಕು ಆರಿತು. "ಅಪ್ಪ ಹೇಳಿದಮ್ಯಾಲ ನಾ ಏನ್ ಹೇಳ್ಲಿ?" ಬೆಳಕು ಮತ್ತೆ ಹತ್ತಿಕೊಂಡಿತು.

ಎದುರು ಮನೆಯ ಮುರಿಗೆವ್ವನಿಗೆ ಮಾಳಿಗೆ ಇತ್ತು. ಮಾಳಿಗೆಯ ಮೇಲೆ ಉದ್ದನೆಯ ತಂತಿಯೂ ಇತ್ತು. ಗಟಾರಿನ ನೀರು ಯಾರ ಗೋಡೆಗೆ ಬಡಿಯಬೇಕೆಂಬ ಜಗಳದಲ್ಲಿ ಆಕೆಗೂ ಎಬಿನೇಜರ್ ಅವರಿಗೂ ಮಾತು ನಿಂತು ಹಳೆಯ ಮಾತಾಗಿತ್ತು. ಇವರು ಅವರ ಹೊಸ್ತಿಲು ದಾಟುವುದಿಲ್ಲ, ಅವರು ಇವರದು ದಾಟುವುದಿಲ್ಲ. ಹನ್ನಾ ಓಣಿಯಲ್ಲಿ ನಿಂತೇ ಕೇಳಿದಳು.

"ನಮ್ಮ ತಂತಿ ನಮಗಽ ಸಾಲವಲ್ದು," ಎಂದಳು ಮುರಿಗೆವ್ವ ಮೇಲಿನಿಂದ. "ನಿಮ್ಮ ಮಾವನ ಅಂಗಳದಾಗಿನ ಹಗ್ಗಕ್ಕ ಏನ್ ಧಾಡಿ? ನಾಳೆ ದಿನಾ ಎಲ್ಲಾ ಖಾಲೀನಽ ಇರತೈತಿ. ನೋಡಾಕ ಇಟ್ಕೊಂಡೀರೇನ್ ಅದನ್ನ?"

ಭಾನುವಾರ ಚರ್ಚಿನಿಂದ ಬರುವ ದಾರಿಯಲ್ಲೇ ಬಿಸಿಲು ಬಿತ್ತು. ಒಂದು ಎಳೆಯೂ ಮೋಡವಿಲ್ಲದ, ಕಣ್ಣು ಕುಕ್ಕುವ ಬಿಸಿಲು. ಓಣಿಯ ಎಲ್ಲ ಮಾಳಿಗೆಗಳ ಮೇಲೆ ಚಾದರ, ಕೌದಿ, ಲಂಗ, ಬನಿಯನ್‌ಗಳು ಎದ್ದು ನಿಂತವು. ಜನ ಗಾದಿಗಳನ್ನೂ ಹೊರಗೆ ಎಳೆದು ಹಾಕಿದ್ದರು. ಎಬಿನೇಜರ್ ಅವರ ಅಂಗಳದಲ್ಲಿ ಹಗ್ಗ ಮಾತ್ರ ಇತ್ತು, ಅದರ ನೆರಳು ಮಾತ್ರ ಇತ್ತು.

ಮಾವ ಊಟ ಮಾಡಿ ಮಲಗಿದ ಮೇಲೆ ಹನ್ನಾ ಯೂನಿಫಾರ್ಮನ್ನು ಹಗ್ಗಕ್ಕೆ ಹಾಕಿದಳು. ತೋಳುಗಳನ್ನು ಬಿಡಿಸಿ, ಕಾಲರನ್ನು ಮೇಲೆತ್ತಿ, ಚಿಮಟಿಗೆ ಸಿಕ್ಕಿಸಿದಳು. ತಿರುಗಿದರೆ ಎಬಿನೇಜರ್ ಬಾಗಿಲಲ್ಲಿದ್ದರು. ಅವರು ನಿದ್ದೆ ಮಾಡಿಯೇ ಇರಲಿಲ್ಲ. ಅವಳನ್ನು ನೋಡದೆ ನೇರವಾಗಿ ಗೇಟಿನ ಕಂಬಕ್ಕೆ ನಡೆದರು, ಗಂಟು ಬಿಚ್ಚಿದರು, ಕೈಬಿಟ್ಟರು. ಯೂನಿಫಾರ್ಮ್ ಮಣ್ಣಿಗೆ ಬಿತ್ತು. ಕಂಬದ ಬುಡದ ಕೆಸರಿನಲ್ಲಿ ಹೊರಳಿದಂತೆ ಬಿತ್ತು. ಬೇಕೆಂದೇ ಇರಬೇಕು, ಒಳಗೆ ಹೋಗುವಾಗ ಅವರ ಕೋಲಿನ ತುದಿ ಒಂದು ತೋಳಿನ ಮೇಲೆ ಊರಿತು.

"ಸಂಜೀಕ ಪ್ರಾರ್ಥನಾ ಐತಿ. ಪಾಸ್ಟರು, ಸಭೆಯವರು ಬರ್ತಾರ. ಅಂಗಳಾ ಸ್ವಚ್ಛ ಇರಲಿ," ಎಂದರು.

ಹನ್ನಾ ಅಳಲಿಲ್ಲ. ಬಚ್ಚಲಿಗೆ ಹೋಗಿ ಯೂನಿಫಾರ್ಮನ್ನು ಮತ್ತೆ ಒಗೆದಳು. ಬಟ್ಟೆ ಬಡಿಯುವ ಸಪ್ಪಳ ಮನೆಯ ಎಲ್ಲ ಕೋಣೆಗೂ ಮುಟ್ಟುವಂತೆ ಒಗೆದಳು. ಯಾರೂ ಎದ್ದು ಬರಲಿಲ್ಲ. ಮಣ್ಣು ಹೋಯಿತು. ಹಿಂಡಿದಳು, ಕೊಡವಿದಳು. ಮತ್ತೆ ಹಿಂಡಿದಳು. ಆಮೇಲೆ ಸೀರೆ ಬಿಚ್ಚಿಟ್ಟು ದಪ್ಪನೆಯ ಒಳಬಟ್ಟೆಯ ಮೇಲೆ ಆ ಒದ್ದೆ ಯೂನಿಫಾರ್ಮನ್ನೇ, ಅಂಗಿ ಪ್ಯಾಂಟು ಎರಡನ್ನೂ, ಹಾಕಿಕೊಂಡಳು. ಬೆನ್ನಿಗೆ ತಣ್ಣಗೆ ಅಂಟಿತು. ನಡುಕೋಣೆಯ ಧೋತರಗಳನ್ನು ತಲೆಯಿಂದ ನೂಕುತ್ತ ಹೊರಗೆ ಬಂದಳು. ಅಂಗಳದ ನಡುವೆ, ಹಗ್ಗ ಇದ್ದ ಜಾಗದಲ್ಲಿ ನಿಂತು, ಪಡುವಣಕ್ಕೆ ಮುಖಮಾಡಿ ಎರಡೂ ತೋಳು ಚಾಚಿದಳು.

ಮೊದಲು ನೋಡಿದವಳು ಮುರಿಗೆವ್ವ.

"ಏನ್ ಯವ್ವಾ, ಹೊಲದಾಗಿನ ಬೆದರುಗೊಂಬಿ ಆಗಿ ನಿಂತೀಯಲ್ಲ! ಕಾಗಿ ಬರ್ತಾವೇನ್ ನಿಮ್ಮನಿಗೆ?"

"ಬರ್ತಾವ್ರಿ," ಎಂದಳು ಹನ್ನಾ. "ಸಂಜೀಕ."

ಎಬಿನೇಜರ್ ಹೊರಗೆ ಬಂದರು. ಪ್ರಾರ್ಥನೆಗಾಗಿ ಕರಿಯ ಕೋಟು ತೊಟ್ಟಿದ್ದರು.

"ಒಳಗ ನಡಿ."

"ಹಗ್ಗದ ಮ್ಯಾಲ ಏನೂ ಇಲ್ಲ ನೋಡ್ರಿ, ಮಾವಾರ."

"ಒಳಗ ನಡಿ ಅಂದೆ."

"ಹಗ್ಗಾನಽ ಇಲ್ಲ. ನೀವಽ ಬಿಚ್ಚೀರಿ."

ಅವರು ಸೊಸೆಯನ್ನು ಮುಟ್ಟುವ ಹಾಗಿರಲಿಲ್ಲ. ಎಳೆದುಕೊಂಡು ಹೋಗುವ ಹಾಗಿರಲಿಲ್ಲ, ಓಣಿಯೆಲ್ಲ ಮಾಳಿಗೆಯ ಮೇಲೆ ನಿಂತಿತ್ತು. ಆಮೇಲೆ ಅವಳ ಮುಂದೆ, ಅವಳಿಗೂ ಸೂರ್ಯನಿಗೂ ನಡುವೆ ಬಂದು, ಅವಳಿಗೆ ಬೆನ್ನು ಮಾಡಿ ನಿಂತರು. ಎತ್ತರದ ಆಳು. ಅವರ ನೆರಳು ಅವಳ ಎದೆಯನ್ನೂ ಹೊಟ್ಟೆಯನ್ನೂ ಮುಚ್ಚಿತು.

ಹನ್ನಾ ಎರಡು ಹೆಜ್ಜೆ ಎಡಕ್ಕೆ ಸರಿದಳು. ಹೆಗಲ ಮೇಲಿಂದ ತಮ್ಮ ನೆರಳು ನೋಡಿಕೊಂಡು ಅವರೂ ಸರಿದರು. ಬಲಕ್ಕೆ ಬಂದಳು. ಅವರೂ ಬಂದರು. ಅವಳು ಗೋಡೆಯ ತನಕ ಹಿಂದೆ ಹೋದಳು. ನೆರಳು ಅವಳ ಕಾಲ ಮೇಲೆ ಹತ್ತಿ, ಮೊಣಕಾಲು ದಾಟಿ, ಮತ್ತೆ ಕಾಲರಿಗೆ ಬಂತು. ಹೊತ್ತು ಇಳಿದಷ್ಟೂ ಅದು ಉದ್ದವಾಗುತ್ತಿತ್ತು. ಸೂರ್ಯ ಮಾವನ ಕಡೆಯವನು ಎಂದು ಅವಳಿಗೆ ಅನ್ನಿಸಿತು.

"ಲೇ, ಆಟ ಛಲೋ ನಡದೈತಿ, ಬರ್ರಲೇ!" ಎಂದು ಮುರಿಗೆವ್ವ ಮನೆಯವರನ್ನು ಮೇಲೆ ಕರೆದಳು. "ಹಿರ್ಯಾರ, ಎಡಕ್ಕ, ಎಡಕ್ಕ! ಪಾರಾಗಾಕತ್ತಾಳ ನೋಡ್ರಿ!"

ಎಬಿನೇಜರ್ ತಲೆಯೆತ್ತಲಿಲ್ಲ. ಕೋಟಿನ ಕುತ್ತಿಗೆಯಲ್ಲಿ ಬೆವರು ಇಳಿಯುತ್ತಿತ್ತು.

ಆಗ ಪಾಸ್ಟರು ಬಂದರು, ಅವರ ಹಿಂದೆ ಸಭೆಯವರು ಬೈಬಲ್ ಹಿಡಿದುಕೊಂಡು ಬಂದರು. ಗೇಟಿನಲ್ಲೇ ನಿಂತುಬಿಟ್ಟರು. ಒದ್ದೆ ಬಿಳಿ ಬಟ್ಟೆಯಲ್ಲಿ ತೋಳು ಚಾಚಿ ನಿಂತ ಸೊಸೆ, ಅವಳಿಗೆ ಬೆನ್ನು ಕೊಟ್ಟು ಸೂರ್ಯನನ್ನು ದಿಟ್ಟಿಸುತ್ತಿರುವ ಮಾವ.

"ಎಲ್ಲಾ ಆರಾಮ ಐತೇನ್ರಿ, ಹಿರ್ಯಾರ?" ಎಂದು ಪಾಸ್ಟರು ಕೇಳಿದರು.

"ಒಳಗ ನಡೀರಿ. ಬಂದೆ."

ಬಂದವರು ತಲೆ ತಗ್ಗಿಸಿ, ಹನ್ನಾಳ ಚಾಚಿದ ತೋಳಿನ ಕೆಳಗೆ ಬಗ್ಗಿ, ಒಬ್ಬೊಬ್ಬರಾಗಿ ಒಳಗೆ ಹೋದರು. ಅವಳು ತೋಳು ಇಳಿಸಲಿಲ್ಲ. ಯಾರದೋ ತಲೆಗೆ ತೋಳಿನ ಅಂಚಿನಿಂದ ನೀರು ತೊಟ್ಟಿಕ್ಕಿತು. ಒಳಗೆ ಅವರು ಧೋತರ, ಪ್ಯಾಂಟುಗಳ ನಡುವೆ ಜಾಗ ಮಾಡಿಕೊಂಡು ಕೂರುವ ಸದ್ದು ಕೇಳಿಸಿತು. ಗಿಡಿಯನ್ ಬಾಗಿಲಿಗೆ ಬಂದ.

"ಅಪ್ಪಾ, ಎಲ್ಲಾರೂ ಕುಂತಾರ. ಸುರು ಮಾಡಬೇಕಂತ. ನೀ ಬಾ."

"ಅಕೀನ್ನ ಒಳಗ ಬರಾಕ ಹೇಳು."

ಗಿಡಿಯನ್ ಹೆಂಡತಿಯ ಕಡೆ ನೋಡಿದ. ವಾರಗಳ ಮೇಲೆ ಇಬ್ಬರ ನಡುವೆ ಬಟ್ಟೆ ಇರಲಿಲ್ಲ. ಅವನು ದಪ್ಪಗಾಗಿದ್ದಾನೆ ಎಂಬುದು ಅವಳಿಗೆ ಈಗ ಕಂಡಿತು.

"ಹನ್ನಾ, ಮಂದಿ ಮುಂದ ಮಾನಾ ಕಳೀಬ್ಯಾಡ."

"ಯಾರದು?"

ಅವನು ಒಳಗೆ ಹೋದ.

ಒಳಗೆ ಹಾಡು ಆರಂಭವಾಯಿತು. ಆ ಮನೆಯ ಪ್ರಾರ್ಥನೆ ಎಬಿನೇಜರ್ ಅವರ ದನಿಯಿಲ್ಲದೆ ಎಂದೂ ಆರಂಭವಾಗಿರಲಿಲ್ಲ. ಅವರ ಭುಜ ಒಮ್ಮೆ ಬಾಗಿಲ ಕಡೆ ತಿರುಗಿತು. ನೆರಳು ಸರಿದು ಹನ್ನಾಳ ಕುತ್ತಿಗೆಗೆ ಬಿಸಿಲು ತಗುಲಿತು. ಅವರು ಕೂಡಲೇ ಮೊದಲಿನ ಜಾಗಕ್ಕೆ ಬಂದು ನಿಂತರು.

"ಹೋಗ್ರಿ, ಮಾವಾರ," ಎಂದಳು. "ಸಬ್ಬತ್ ದಿನ ನಾ ಬರೇ ನಿಂತೇನಿ. ದುಡ್ಯಾಕತ್ತವರು ನೀವು."

ಅವರ ಕೋಲು ನೆಲಕ್ಕೆ ಒಮ್ಮೆ ಬಡಿಯಿತು.

ಅಷ್ಟರಲ್ಲಿ ಇನ್ನೊಂದು ನೆರಳು ಅಂಗಳಕ್ಕೆ ಇಳಿದಿತ್ತು. ಮುರಿಗೆವ್ವನ ಮನೆ ಪಡುವಣದಲ್ಲಿ. ಅದರ ಗೋಡೆಯ ನೆರಳು ಗೇಟು ದಾಟಿ, ಎಬಿನೇಜರ್ ಅವರ ಕಾಲು ಹಿಡಿದು, ಮೇಲೆ ಹತ್ತುತ್ತಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಅಂಗಳದಲ್ಲಿ ಯಾರಿಗೂ ಬಿಸಿಲಿಲ್ಲ. ಹನ್ನಾ ಕಾಲರು ಮುಟ್ಟಿ ನೋಡಿದಳು. ತೋಳು ಒಣಗಿದ್ದವು. ಕಾಲರು, ಎದೆ, ಮಾವನ ನೆರಳು ಬಿದ್ದಲ್ಲೆಲ್ಲ, ಹಾಗೇ ಹಸಿ.

ಎಬಿನೇಜರ್ ಮೊದಲ ಸಲ ಅವಳ ಮುಖ ನೋಡಿದರು. "ಇನ್ನ ನಡಿ ಒಳಗ."

ಮೇಲಿನಿಂದ ಮುರಿಗೆವ್ವ ಕೂಗಿದಳು: "ಏ ಹನ್ನಾ, ಮ್ಯಾಲ ಬಾ. ಇಲ್ಲಿ ಬಿಸಲು ಇನ್ನೂ ಬಾಳ ಐತಿ. ತಂತಿ ಕೊಡೂದಿಲ್ಲ, ಮೊದಲಽ ಹೇಳೇನಿ. ನಿಂದರಾಕ ಜಾಗಾ ಕೊಡತೇನಿ."

"ಯಾಕ್ರಿ, ಈಗ ಕನಿಕರ ಬಂತೇನ್ರಿ?"

"ಕನಿಕರ ಯಾವ ಊರಾಂದು? ನಿಮ್ಮ ಮಾವನ ಮಾರಿ ನೋಡಬೇಕಾಗೇತಿ ನನಗ. ಲಗೂ ಬಾ, ಹೊತ್ತು ಮುಳಗಾಕತ್ತೈತಿ!"

"ಅವರ ಹೊಸ್ತಲಾ ತುಳದ್ರ ಈ ಹೊಸ್ತಲಾ ತುಳೀಬ್ಯಾಡ," ಎಂದರು ಎಬಿನೇಜರ್, ತಣ್ಣಗೆ.

"ಈ ಹೊಸ್ತಲಾ ಒರಸಾಕಿ ನಾನಽ ಅಲ್ರಿ?" ಎಂದಳು ಹನ್ನಾ.

ಗೇಟು ತೆರೆದಳು. ಓಣಿ ದಾಟಿದಳು. ಮುರಿಗೆವ್ವನ ಮೆಟ್ಟಿಲು ಹತ್ತುವಾಗ ಒದ್ದೆ ಪ್ಯಾಂಟು ತೊಡೆಗೆ ಉಜ್ಜಿ ಉರಿಯಿತು. ಮಾಳಿಗೆಯ ಮೇಲೆ ಆ ಮನೆಯವರು ಅವಳಿಗೆ ದಾರಿ ಬಿಟ್ಟರು. ಕೂರು ಎನ್ನಲಿಲ್ಲ, ನೀರು ಕೊಡಲಿಲ್ಲ. ಮುರಿಗೆವ್ವ ತನ್ನ ಕೌದಿಯನ್ನು ಒಂದು ಗೇಣು ಬದಿಗೆ ಸರಿಸಿದಳು, ಅಷ್ಟೇ. ಅಲ್ಲಿ ಗಾಳಿಯೂ ಇತ್ತು. ಹನ್ನಾ ಕಾಲರು ಬಿಡಿಸಿ, ಕತ್ತು ಹಿಂದಕ್ಕೆ ಬಾಗಿಸಿ, ಬಿಸಿಲಿಗೆ ಎದೆಕೊಟ್ಟು ನಿಂತಳು. ಹೊಲಿಗೆಗಳ ತನಕ ಬಿಸಿ ಇಳಿಯುವುದು ಗೊತ್ತಾಗುತ್ತಿತ್ತು.

ಕೆಳಗೆ ಎಬಿನೇಜರ್ ಅಂಗಳದಲ್ಲೇ ಇದ್ದರು. ಗೋಡೆಯ ನೆರಳಿನೊಳಗೆ ಅವರ ನೆರಳು ಕಾಣೆಯಾಗಿತ್ತು. ಒಳಗೆ ಪ್ರಾರ್ಥನೆ ಮುಗಿದು ಜನ ಆಮೆನ್ ಎಂದರು. ಅವರ ತುಟಿ ಅಲುಗಲಿಲ್ಲ.

ಬಿಸಿಲು ಪೂರ್ತಿ ಹೋದ ಮೇಲೆ ಹನ್ನಾ ಇಳಿದು ಬಂದಳು. ಸಭೆಯವರು ಹೋಗಿದ್ದರು. ಹಗ್ಗ ಇನ್ನೂ ಕಂಬದ ಬುಡದಲ್ಲಿ ಬಿದ್ದಿತ್ತು. ಇನ್ನೊಂದು ತುದಿಯ ಗಂಟನ್ನೂ ಬಿಚ್ಚಿ, ಮೊಣಕೈಗೆ ಸುತ್ತಿಕೊಂಡು, ಹೊಸ್ತಿಲು ದಾಟಿ ಒಳಗೆ ಹೋದಳು. ಯಾರೂ ತಡೆಯಲಿಲ್ಲ. ಅಡುಗೆ ಆಗಬೇಕಿತ್ತು.

ಸೋಮವಾರ ಬೆಳಿಗ್ಗೆ ಎದ್ದು ಎಲ್ಲರ ಬಟ್ಟೆ ಒಗೆದಳು. ನಡುಕೋಣೆಯಲ್ಲಿ ಕಟ್ಟಿದ್ದ ಸೀರೆಯ ಅಂಚುಗಳನ್ನು ಬಿಚ್ಚಿ, ಒಂದನ್ನೂ ಬಿಡದೆ ಸುತ್ತಿ ಇಟ್ಟುಕೊಂಡಳು. ಹಿಂಡಿದ ಬಟ್ಟೆಯ ಬಕೆಟನ್ನು ಅಂಗಳದ ನಡುವೆ, ಎಬಿನೇಜರ್ ಕೂರುವ ಕುರ್ಚಿಯ ಪಕ್ಕ ಇಟ್ಟು, ಹುಬ್ಬಳ್ಳಿಯ ಬಸ್ಸು ಹತ್ತಿದಳು.

ವಾರ್ಡಿನ ಬಾಗಿಲಲ್ಲಿ ಆರತಿ ಸಿಸ್ಟರ್ ಅವಳ ಕಾಲರಿಗೆ ಮೂಗು ತಂದರು. ಉಳಿದವರಿಗಿಂತ ಹೆಚ್ಚು ಹೊತ್ತು ಇಟ್ಟರು. ಕಂಕುಳ ಬಳಿಯೂ ನೋಡಿದರು. ವಾಸನೆ ಸಿಗಲಿಲ್ಲ ಎಂಬ ಅಸಮಾಧಾನ ಮುಖದಲ್ಲಿ ಕಂಡಿತು.

"ಹೋಗು," ಎಂದು ಮುಂದಿನವಳ ಕಡೆ ತಿರುಗಿದರು.

ಚೀಲದಲ್ಲಿ ಫೋನು ಗುಯ್‌ಗುಟ್ಟಿತು. ಗಿಡಿಯನ್.

"ಹನ್ನಾ, ಹಗ್ಗ ಎಲ್ಲೈತಿ? ಅಪ್ಪ ಬಕೆಟ್ ಮುಂದ ಕುಂತಾನ. ಒಣಗಿದ ಧೋತರ ಒಂದೂ ಇಲ್ಲಂತ. ಮತ್ತ ಮ್ವಾಡ ಹಾಕಾಕತ್ತೈತಿ ಇಲ್ಲಿ."

ಹಗ್ಗ ಅವಳ ಚೀಲದಲ್ಲಿ, ಊಟದ ಡಬ್ಬಿಯ ಕೆಳಗೆ, ಸೀರೆಯ ಅಂಚುಗಳ ಜೊತೆ ಸುತ್ತಿಕೊಂಡು ಬಿದ್ದಿತ್ತು. ಅವಳು ಅದನ್ನು ಇನ್ನಷ್ಟು ಒಳಗೆ ಒತ್ತಿದಳು.

"ನಾ ಡ್ಯೂಟಿ ಮ್ಯಾಲ ಅದೀನ್ರಿ," ಎಂದು ಫೋನು ಆಫ್ ಮಾಡಿ, ಕೈ ತೊಳೆದುಕೊಂಡು, ಮೊದಲನೆಯ ಹಾಸಿಗೆಯವನ ಗಾಯದ ಮೇಲೆ ಬಗ್ಗಿದಳು.