ಹಣೆಯ ಮೇಲಿನ ಹಾಲಿ ರೂಪಾಯಿ

ನಾಣ್ಯ ಎರಡನೆಯ ಸಲ ಜಾರಿ ಅಂಬಪ್ಪನ ತೊಡೆಯ ಮೇಲೆ ಬಿತ್ತು. ಅಮರಮ್ಮ ಅದನ್ನು ಹೆಕ್ಕಿಕೊಂಡು, ಹಿಂಬದಿಗೆ ಇನ್ನಷ್ಟು ಹಸಿ ವಿಭೂತಿ ಮೆತ್ತಿ, ಗೋಡೆಗೆ ಒರಗಿಸಿ ಕೂಡಿಸಿದ್ದ ಗಂಡನ ಹಣೆಗೆ ಹೆಬ್ಬೆರಳಿನಿಂದ ಒತ್ತಿ ಹಿಡಿದಳು.

“ಯವ್ವಾ, ಎಲ್ಲಾರೂ ಸಾದಾ ರೂಪಾಯಿ ಬಿಲ್ಲೆ ಹಚ್ಚತಾರ. ಈ ದರಿದ್ರದ್ದು ಯಾಕ ಬೇಕು?” ಮಗಳು ಪದ್ಮಾವತಿ ಮೂಗು ಒರೆಸಿಕೊಳ್ಳುತ್ತ ಕೇಳಿದಳು.

“ಇದ ಇರಲಿ. ಸಿಂಧನೂರಿನ ಬಸವಂತರಾಯಗ ಫೋನ್ ಮಾಡಿದೇನು?”

“ಮಾಡೀನಿ. ಅಪ್ಪ ತೀರಿಕೊಂಡಾನ, ಒಂದು ಡಬ್ಬಿ ಹಳೇ ನಾಣ್ಯ ಬಿಟ್ಟು ಹೋಗ್ಯಾನ, ನಮಗೇನೂ ತಿಳಿಯಂಗಿಲ್ಲ ಅಂತ ಹೇಳೀನಿ. ಅಯ್ಯೋ ಪಾಪ, ಈಗ ಹೊಂಟೆ ಅಂದ.”

“ಬರಲಿ.”

ಹೊರಗೆ ಪೆಂಡಾಲಿನ ಕೆಳಗೆ ಮಸ್ಕಿಯ ಅರ್ಧ ಓಣಿ ಕೂತಿತ್ತು. ಲಿಂಗಸುಗೂರು ಡಿಪೋದ ಹಳೆಯ ಡ್ರೈವರು, ಕಂಡಕ್ಟರುಗಳೂ ಬಂದಿದ್ದರು. ಅವರಲ್ಲಿ ಹಿರಿಯ ಬಾಬುಸಾಬ್, ಅಂಬಪ್ಪನ ಬಸ್ಸಿನ ಡ್ರೈವರ್ ಆಗಿದ್ದವನು, ಬಾಗಿಲಲ್ಲಿ ಇಣುಕಿದ.

“ಅಕ್ಕಾ, ಕುಣಿ ತೋಡಿ ಮುಗದೈತಂತ. ಹೊನ್ನೂರಪ್ಪ ಹೇಳಿ ಕಳಿಸ್ಯಾನ. ಎಷ್ಟೊತ್ತಿಗೆ ಎತ್ತೋದು?”

“ಬಸವಂತರಾಯ ಬಂದು ಮಾರಿ ನೋಡಲಿ ಬಾಬಣ್ಣ. ಅಲ್ಲೀತನಕ ನಿಮ್ಮ ದೋಸ್ತ ಕೂತಿರತಾನ. ಬಸ್ಸಿನ್ಯಾಗ ಮೂವತ್ನಾಕು ವರ್ಷ ನಿಂತಾನ, ಇವತ್ತರ ಕೂಡಲಿ.”

ಬಾಬುಸಾಬ್ ಹಣೆಯ ಮೇಲಿನ ನಾಣ್ಯ ನೋಡಿದ. ಅವನಿಗೆ ತಿಳಿಯಿತು. ಹೊರಗೆ ಹೋಗಿ ತನ್ನ ಮಂದಿಯ ನಡುವೆ ಕೂತ.

*

ನಾಲ್ಕು ವರ್ಷದ ಹಿಂದೆ ಅಂಬಪ್ಪ ನಿವೃತ್ತನಾಗಿ ಮನೆಯಲ್ಲಿ ಕೂತಾಗ ಅವನ ಬೆರಳುಗಳಿಗೆ ಕೆಲಸವೇ ಇಲ್ಲದಂತಾಯಿತು. ಲಿಂಗಸುಗೂರು–ಸಿಂಧನೂರು ಬಸ್ಸಿನಲ್ಲಿ ಯಾರಾದರೂ ಖೊಟ್ಟಿ ನಾಣ್ಯ ಕೊಟ್ಟರೆ ಕಣ್ಣಿಂದ ನೋಡದೆ ಹೆಬ್ಬೆರಳು ಸವರಿಯೇ ತಿರುಗಿ ಕೊಡುತ್ತಿದ್ದ ಮನುಷ್ಯ. ಒಂದು ದಿನ ತಾಯಿಯ ಹಳೆಯ ಟ್ರಂಕಿನಲ್ಲಿ ನಿಜಾಮನ ಕಾಲದ ಹಾಲಿ ರೂಪಾಯಿ ಸಿಕ್ಕಿತು. ಒಂದು ಬದಿಗೆ ಚಾರ್‌ಮಿನಾರ್. ಅಂಚಿನಲ್ಲಿ, ತಾಯಿ ಅದನ್ನು ಸರಕ್ಕೆ ಪೋಣಿಸಲು ಕೊಂಡಿ ಹಚ್ಚಿಸಿದ್ದ ಬೆಸುಗೆಯ ಕಪ್ಪು ಗಂಟು.

ಅಷ್ಟೇ ಸಾಕಾಯಿತು. ಅಂಬಪ್ಪ ಮೊಬೈಲಿನಲ್ಲಿ ನಾಣ್ಯದವರ ವಿಡಿಯೋ ನೋಡುತ್ತ ಕೂತ. ಒಂದು ನೋಟುಬುಕ್ಕಿಗೆ ಗೆರೆ ಎಳೆದು ಚಾರ್‌ಮಿನಾರ್ ರೂಪಾಯಿ ಬಂದ ಇಸವಿಗಳನ್ನೆಲ್ಲ ಬರೆದ. “ಒಂದೊಂದು ಇಸವಿಗೆ ಒಂದೊಂದು ಕೂಡಸ್ತೀನಿ ನೋಡು. ಮೊದಲನೇದು ನಮ್ಮವ್ವಂದು,” ಎಂದು ಹೆಂಡತಿಗೆ ಹೇಳಿದ. ಆಮೇಲೆ, ಹೊಸಬರು ಮಾಡುವ ತಪ್ಪನ್ನೇ ಮಾಡಿದ. ಹುಣಸೆಹಣ್ಣು, ಬೂದಿ ಹಚ್ಚಿ ಹಳೆಯ ಹಲ್ಲಿನ ಬ್ರಷ್ಷಿನಿಂದ ತಿಕ್ಕಿ ನಾಣ್ಯವನ್ನು ಹೊಸ ತಂಬಿಗೆಯ ಹಾಗೆ ಮಾಡಿ, ಸಿಂಧನೂರಿನ ಬೆಳ್ಳಿ ಅಂಗಡಿಯ ಬಸವಂತರಾಯನಿಗೆ ತೋರಿಸಲು ಬಸ್ಸು ಹತ್ತಿದ.

ಬಸವಂತರಾಯ ಹಣೆ ಚಚ್ಚಿಕೊಂಡ. “ಅಯ್ಯ ನಿನ್ನ! ಹಾಲಿ ರೂಪಾಯಿ ಯಾರರ ತಿಕ್ಕತಾರೇನಪ? ನೂರು ವರ್ಷದ ಬಣ್ಣ ತೊಳದು ಹಾಕೀದಿ. ಒಂದು ವಾರ ಬಿಟ್ಟು ಹೋಗು, ಸರಿ ಮಾಡಿ ಕೊಡ್ತೀನಿ.” ಹೀಗೆ ಬೈಯುತ್ತಲೇ ನಾಣ್ಯದ ಇಸವಿಯನ್ನು ಎರಡು ಸಲ ನೋಡಿದ್ದನ್ನು ಅಂಬಪ್ಪ ಕಂಡಿದ್ದ. ಗುರು ಸಿಕ್ಕ ಖುಷಿಯಲ್ಲಿ ಅದರ ಅರ್ಥ ಹೊಳೆಯಲಿಲ್ಲ.

ವಾರ ಬಿಟ್ಟು ನಾಣ್ಯ ಬಂತು. ಬೆಸುಗೆ ಇರಲಿಲ್ಲ. “ಅದನ್ನೂ ನಾನ ತಗದೀನಿ,” ಎಂದಿದ್ದ ಬಸವಂತರಾಯ. ಮನೆಗೆ ಬಂದು ಹೆಂಡತಿಗೆ ಕೊಡುವಾಗ ಕೈಜಾರಿ ಹೊಸ್ತಿಲ ಕಲ್ಲಿನ ಮೇಲೆ ಬಿತ್ತು. ಟಪ್ ಅಂದಿತು. ಬೆಳ್ಳಿ ಟಪ್ ಅನ್ನುವುದಿಲ್ಲ. ಬಸ್ಸಿನ ಗದ್ದಲದಲ್ಲಿ ದುಡಿದ ಅಂಬಪ್ಪ ಬೆರಳನ್ನೇ ನಂಬಿದ್ದ, ನಾಣ್ಯದ ದನಿ ಕೇಳುವುದನ್ನು ಅವತ್ತೇ ಕಲಿತ.

ಮರುದಿನ ಕೇಳಲು ಹೋದರೆ, ತುಂಬಿದ ಅಂಗಡಿಯಲ್ಲಿ ಬಸವಂತರಾಯ ನಕ್ಕ. “ಬಸ್ಸಿನ್ಯಾಗ ನೀನ ಅದಲು ಬದಲು ಮಾಡಿ ನನ್ನ ಮ್ಯಾಲೆ ಹಾಕತೀಯೇನಲೇ? ಕಂಡಕ್ಟರ್ ಕೈ, ಚಿಲ್ಲರೆ ಬುದ್ಧಿ!” ಗಿರಾಕಿಗಳೆಲ್ಲ ನಕ್ಕರು. ಬಸ್ಸಿನ ಒಂದು ರೂಪಾಯಿಯನ್ನೂ ಮನೆಗೆ ತಾರದ ಮನುಷ್ಯನಿಗೆ ಆ ಮಾತು. ನೋಟುಬುಕ್ಕು ಅಟ್ಟಕ್ಕೆ ಹೋಯಿತು, ಮತ್ತೊಂದು ನಾಣ್ಯ ಮನೆಗೆ ಬರಲಿಲ್ಲ. ಖೊಟ್ಟಿ ರೂಪಾಯಿ ಮಾತ್ರ ನಾಲ್ಕು ವರ್ಷ ಅಂಗಿಯ ಜೇಬಿನಲ್ಲೇ ಇತ್ತು.

ಹೋದ ತಿಂಗಳು ಹಾಸಿಗೆ ಹಿಡಿದಾಗ ಅಂಬಪ್ಪ ಅದನ್ನು ಹೆಂಡತಿಯ ಕೈಗಿಟ್ಟ. “ಅಂವ ಸಾವಿನ ಮನಿ ಬಿಡಂಗಿಲ್ಲ. ಹಳೇ ಟ್ರಂಕಿನ ವಾಸನಿ ಹಿಡದು ಹಾರ ತಗೊಂಡು ಬರ್ತಾನ. ಬರಲಿ. ಅವ್ವನ ರೂಪಾಯಿ ಬರೋತನಕ ನನ್ನ ಎತ್ತಬ್ಯಾಡ್ರಿ.”

*

ಬಸವಂತರಾಯ ಕಾರಿನಿಂದ ಇಳಿದ. ಕೈಯಲ್ಲಿ ಗುಲಾಬಿ ಹಾರ, ಮುಖದಲ್ಲಿ ದುಃಖ. ಹಾರ ಹಾಕುವಾಗ ಅವನ ಕಣ್ಣು ಶವದ ಪಕ್ಕದ ತಗಡಿನ ಡಬ್ಬಿಯ ಮೇಲಿತ್ತು. ಹಣೆಯ ನಾಣ್ಯ ಕಂಡದ್ದು ಆಮೇಲೆ.

“ಸಾಹುಕಾರ್ರ, ಒಂದು ಮಾತು.” ಅಮರಮ್ಮ ಹೊರಗಿನವರಿಗೂ ಕೇಳುವಂತೆ ಹೇಳಿದಳು. “ಈ ಹಾಲಿ ರೂಪಾಯಿ ಬೆಳ್ಳಿದೋ ಅಲ್ಲೋ ಅಂತ ಮಂದಿ ಕೇಳಾಕತ್ಯಾರ. ಖೊಟ್ಟಿ ನಾಣ್ಯ ಹಚಗೊಂಡು ನನ್ನ ಗಂಡ ಮಣ್ಣಿಗೆ ಹೋಗಬಾರದು. ನೀವು ತಿಳಿದವ್ರು, ಹೇಳ್ರಿ.”

ಬಸವಂತರಾಯ ಸುತ್ತ ನೋಡಿದ. ಡಬ್ಬಿ ನೋಡಿದ. ಈ ಮುದುಕಿಗೆ ಏನು ಗೊತ್ತಾಗಬೇಕು!

“ಅಪ್ಪಟ ಬೆಳ್ಳಿ, ತಾಯಿ. ನಾನ ಕೈಯಾರೆ ತೊಳದು, ಬೆಸುಗಿ ತಗದು ಕೊಟ್ಟಿದ್ದು. ಅನುಮಾನ ಬ್ಯಾಡ.”

“ಎಲ್ಲಾರೂ ಕೇಳಿದ್ರೆಲ್ಲ?” ಅಮರಮ್ಮ ನಾಣ್ಯವನ್ನು ಹಣೆಯಿಂದ ಕಿತ್ತು ಹೊಸ್ತಿಲ ಕಲ್ಲಿನ ಮೇಲೆ ಬಿಟ್ಟಳು.

ಟಪ್.

ಭಜನೆಯವರು ತಾಳ ನಿಲ್ಲಿಸಿದರು. ಕುಣಿ ತೋಡಿದ ಹೊನ್ನೂರಪ್ಪ ಗುದ್ದಲಿಯೊಂದಿಗೆ ಬಾಗಿಲಿಗೆ ಬಂದಿದ್ದ. “ಇದು ಸೀಸದ ಸಪ್ಪಳ,” ಎಂದ. “ಇದನ್ನ ಹಚ್ಚಿಕೊಂಡು ಬಂದ್ರ ನಾ ಮಣ್ಣು ಎಳಿಯಂಗಿಲ್ಲ.”

“ಕೊಟ್ಟವ್ರು ಯಾರು ಅಂತ ಅವ್ರ ಹೇಳ್ಯಾರ,” ಎಂದಳು ಅಮರಮ್ಮ. “ನನ್ನ ಅತ್ತೀ ರೂಪಾಯಿ ತರಸ್ರಿ. ಹೆಣ ಇಲ್ಲೇ ಕೂತಿರತೈತಿ. ಇವತ್ತು, ನಾಳೆ, ನಾಡದು. ನನಗೇನೂ ಅವಸರ ಇಲ್ಲ.”

ಬಸವಂತರಾಯ ಕಾರಿನತ್ತ ಹೊರಳಿದ. ಕಾರಿನ ಮುಂದೆ ಬಾಬುಸಾಬ್ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಅವನ ಹಿಂದೆ ಡಿಪೋದವರು ಸಾಲಾಗಿ ಕೂತಿದ್ದರು.

“ನಮ್ಮ ಕಂಡಕ್ಟರ್ ಸೀಟಿ ಹೊಡದಿಲ್ಲ ಸಾಹುಕಾರ್ರ,” ಎಂದ ಬಾಬುಸಾಬ್. “ಗಾಡಿ ಹೆಂಗ ಹೋಗತೈತಿ?”

ಬಸವಂತರಾಯ ಬೆವರು ಒರೆಸಿಕೊಂಡು ಅಂಗಡಿಗೆ ಫೋನ್ ಮಾಡಿದ. ದನಿ ತಗ್ಗಿಸಿಯೇ ಮಾತಾಡಿದ, ಆದರೂ ಎಲ್ಲರಿಗೂ ಕೇಳಿತು. ಕಾಯುವಾಗ ಅಮರಮ್ಮ ಅವನ ಮುಂದೆ ತಗಡಿನ ಡಬ್ಬಿ ಸರಿಸಿದಳು. “ನೋಡ್ರಿ, ಅದಕ್ಕ ಬಂದೀರೆಲ್ಲ.” ತೆರೆದರೆ ಒಣಗಿದ ಹುಣಸೆ ಉಂಡೆ, ಒಂದು ಹಲ್ಲಿನ ಬ್ರಷ್.

ಒಂದು ತಾಸಿನ ಮೇಲೆ ಅಂಗಡಿಯ ಆಳು ಮಂಜೂರ್ ಬೈಕಿನಲ್ಲಿ ಬಂದ. ಯಾವ ನಾಣ್ಯ ಎಂದು ತಿಳಿಯದೆ ಕೆಂಪು ಮಖಮಲ್ಲಿನ ಡಬ್ಬಿಯನ್ನೇ ಎತ್ತಿಕೊಂಡು ಬಂದಿದ್ದ. ಇಸವಿಯ ಪ್ರಕಾರ ಸಾಲಾಗಿ ಚಾರ್‌ಮಿನಾರ್ ರೂಪಾಯಿಗಳು, ಒಂದೂ ಬಿಡದಂತೆ. ಅಮರಮ್ಮ ಒಂದೊಂದರ ಅಂಚನ್ನೂ ಸವರುತ್ತ ಹೋದಳು. ಬೆರಳು ಒಂದರ ಮೇಲೆ ನಿಂತಿತು. ಬೆಸುಗೆಯ ಕಪ್ಪು ಗಂಟು ಇದ್ದಂತೆಯೇ ಇತ್ತು. ಕಲ್ಲಿನ ಮೇಲೆ ಬಿಟ್ಟಳು. ಆ ದನಿ ಬೀದಿಯ ಕೊನೆಯವರೆಗೂ ಹೋಯಿತು. ಪದ್ಮಾವತಿ ಜೋರಾಗಿ ಅತ್ತಳು.

ಅತ್ತೆಯ ರೂಪಾಯಿಯನ್ನು ಅಮರಮ್ಮ ಗಂಡನ ಹಣೆಗೆ ಹಚ್ಚಿದಳು. ಅಂಟಿತು.

“ಅಮ್ಮಾರ, ಅದನ್ನ ಮಣ್ಣಾಗ ಹಾಕಬ್ಯಾಡ್ರಿ,” ಬಸವಂತರಾಯ ಕೈ ಮುಗಿದ. “ಆ ಇಸವಿದು ಮತ್ತ ಸಿಗಂಗಿಲ್ಲ. ಹದಿನೆಂಟು ವರ್ಷ ಹುಡುಕೀನಿ. ಏನು ಬೇಕು ಕೇಳ್ರಿ.”

“ನಿಮ್ಮ ಸಾಲಿನ್ಯಾಗ ಒಂದು ಖಾಲಿ ಇರಲಿ ಸಾಹುಕಾರ್ರ. ನನ್ನ ಮನ್ಯಾಗೂ ಇವತ್ತಿನಿಂದ ಒಂದು ಖಾಲಿ ಐತಿ.” ಹೊಸ್ತಿಲ ಮೇಲೆ ಬಿದ್ದಿದ್ದ ಖೊಟ್ಟಿ ನಾಣ್ಯವನ್ನು ಎತ್ತಿ ಅವನ ಅಂಗೈಯಲ್ಲಿಟ್ಟು ಬೆರಳು ಮಡಚಿದಳು. “ನಿಮ್ಮದು ನಿಮಗ.”

ಬಾಬುಸಾಬ್ ಎದ್ದು, ಎರಡು ಬೆರಳು ಬಾಯಿಗಿಟ್ಟು ಸೀಟಿ ಹೊಡೆದ. ಹೆಣ ಎದ್ದಿತು.

ಕುಣಿಯ ಅಂಚಿನಲ್ಲಿ ಬಸವಂತರಾಯ ಕೊನೆಯ ಗುದ್ದಲಿ ಮಣ್ಣು ಬೀಳುವವರೆಗೂ ಬಗ್ಗಿ ನೋಡುತ್ತ ನಿಂತಿದ್ದ. ಮಂದಿ ಚದುರಿದರು. ಹೆಣದ ಹಣೆಯಿಂದ ಬಂದ ಖೊಟ್ಟಿ ನಾಣ್ಯ, ವಿಭೂತಿ ಒಣಗಿ ಅಂಗೈಗೆ ಕಚ್ಚಿತ್ತು. ಜೇಬಿಗೆ ಹಾಕಿಕೊಳ್ಳಲು ಅವನಿಗೆ ಭಯ. ಎಸೆಯೋಣವೆಂದರೆ ಅಮರಮ್ಮ ಅಲ್ಲೇ ನಿಂತು ನೋಡುತ್ತಿದ್ದಳು. ಕೈ ಚಾಚಿಕೊಂಡೇ ಕಾರಿನವರೆಗೆ ನಡೆದ.

ಮಂಜೂರ್ ಪಾಪ, ಓಡಿ ಬಂದು ಮಖಮಲ್ಲಿನ ಡಬ್ಬಿ ತೆರೆದು ಹಿಡಿದ.

“ಇದರಾಗ ಇಡ್ರಿ ಸಾಹುಕಾರ್ರ. ಜಾಗ ಐತಿ.”