ಪರದೆಯ ಅಂಚಿನ ತೂಕ

ಸೆಕೆಂಡ್ ಹ್ಯಾಂಡ್ ಅಂಗಡಿಯ ಸುಖ ಏನೆಂದು ನಮ್ಮಕ್ಕನಿಗೆ ಯಾವತ್ತೂ ಗೊತ್ತಾಗಲಿಲ್ಲ. ಗೊತ್ತಾಗಿದ್ದರೆ ಅವಳ ಮಾನ ಉಳಿಯುತ್ತಿತ್ತು.

ನಾನು ಬಟ್ಟೆ ಆಲ್ಟರ್ ಮಾಡುವವಳು. ಕಂಡವರ ಪ್ಯಾಂಟು ಗಿಡ್ಡ ಮಾಡುವುದು, ಕೋಟು ಸಡಿಲ ಮಾಡುವುದು, ಹಾಳಾದ ಜಿಪ್ಪು ಬದಲಾಯಿಸುವುದು ನನ್ನ ಕಸುಬು. ಶನಿವಾರ ಬೆಳಿಗ್ಗೆ ಮಾತ್ರ ಮಿಷನ್ನಿಗೆ ರಜೆ. ಬಸ್ ನಿಲ್ದಾಣದ ಹಿಂದಿನ ಹಳೇ ಬಟ್ಟೆ ಅಂಗಡಿಯ ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತಿರುತ್ತೇನೆ. ಅಲ್ಲಿ ಕಣ್ಣಿಗಿಂತ ಬೆರಳಿಗೆ ಕೆಲಸ ಹೆಚ್ಚು. ರಾಶಿಯೊಳಗೆ ಕೈ ಬಿಟ್ಟರೆ ಸಾಕು, ಇದು ಉಣ್ಣೆ, ಇದು ಹತ್ತಿ, ಇದು ಉಣ್ಣೆಯ ವೇಷ ಹಾಕಿದ ನೈಲಾನು ಎಂದು ಬೆರಳೇ ಹೇಳುತ್ತದೆ. ಒಮ್ಮೆ ಒಂದು ಗುಂಡಿಯೂ ಉದುರದ ಉದ್ದನೆಯ ಕೋಟು ಸಿಕ್ಕಿತ್ತು. ಒಂದು ಹೊತ್ತಿನ ತಿಂಡಿಯ ದುಡ್ಡಿಗೆ! ಅವತ್ತೆಲ್ಲ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಅಕ್ಕ ಮೂಗು ಮುರಿದಿದ್ದಳು. "ಯಾರ್ಯಾರೋ ಹಾಕಿ ಬಿಟ್ಟಿದ್ದು. ಸತ್ತೋರ್ದೋ ಏನೋ. ಥೂ, ನನ್ನ ಸೋಫಾ ಮೇಲೆ ಇಡ್ಬೇಡ ಅದನ್ನ."

ಅದನ್ನೆಲ್ಲ ನಾನು ನಕ್ಕು ಮರೆಯುತ್ತಿದ್ದೆ. ಅಮ್ಮ ತೀರಿಕೊಂಡ ಮೇಲೆ ನಡೆದದ್ದನ್ನು ಮಾತ್ರ ಮರೆಯಲಿಲ್ಲ, ಮರೆಯುವುದೂ ಇಲ್ಲ.

ಅಮ್ಮನ ಬೆರಳಲ್ಲಿ ಕಲ್ಲಿಲ್ಲದ ಒಂದು ದಪ್ಪ ಚಿನ್ನದ ಉಂಗುರವಿತ್ತು. ಕೊನೆಯ ವರ್ಷ ಅಮ್ಮ ಇಳಿದುಹೋದಳು, ಉಂಗುರ ಜಾರತೊಡಗಿತು. "ಉಂಗುರ ಎಲ್ಲಿ ಅಮ್ಮಾ?" ಅಂದರೆ, "ಎಲ್ಲೋ ತೆಗೆದಿಟ್ಟಿದೀನಿ ಕಣೇ, ನೆನಪಾದಾಗ ಹೇಳ್ತೀನಿ" ಅನ್ನುತ್ತಿದ್ದಳು. ನೆನಪಾಗಲೇ ಇಲ್ಲ. ಅಮ್ಮ ಹೋದ ಮೂರನೇ ವಾರ, ನನಗೊಂದು ಮಾತೂ ಹೇಳದೆ ಅಕ್ಕ ಮನೆ ಖಾಲಿ ಮಾಡಿಸಿದಳು. ಬಟ್ಟೆಬರೆಯನ್ನೆಲ್ಲ ಚೀಲಗಳಿಗೆ ತುಂಬಿ ಸಾಗಹಾಕಿದಳು. ಉಂಗುರ ಸಿಗಲಿಲ್ಲ. ಸಿಗದಿದ್ದುದಕ್ಕೆ ಅವಳ ಹತ್ತಿರ ಉತ್ತರ ಸಿದ್ಧವಿತ್ತು.

"ಕೊನೇವರೆಗೂ ಹತ್ರ ಇದ್ದಿದ್ದು ಅವಳೇ ಅಲ್ವಾ? ನಾನೇನೂ ಹೇಳಲ್ಲಪ್ಪ, ನೀವೇ ಲೆಕ್ಕ ಹಾಕ್ಕೊಳ್ಳಿ" ಎಂದು ಬಂಧುಬಳಗಕ್ಕೆಲ್ಲ ಒಬ್ಬೊಬ್ಬರಾಗಿ ಫೋನ್ ಮಾಡಿ ಟಾಂ ಟಾಂ ಹೊಡೆದಳು. ಅಮ್ಮನ ಹಾಸಿಗೆ ಬದಲಾಯಿಸಿದ ಈ ಕೈಗಳಿಗೆ ಕಳ್ಳಿ ಎಂಬ ಹೆಸರು ಬಂತು. ಸೋದರಮಾವ ನನ್ನನ್ನು ಪಕ್ಕಕ್ಕೆ ಕರೆದು, "ತಂದು ಕೊಟ್ಬಿಡಮ್ಮ, ಯಾರೂ ಬೈಯಲ್ಲ" ಅಂದರು. ಮಾವ ಒಳ್ಳೆಯವರು. ಅವರೂ ನಂಬಿಬಿಟ್ಟರಲ್ಲ ಎಂದು ಉರಿದುಹೋದೆ. ಅವಳ ಕೈಯಿಂದಲೇ ಅವಳ ಬಾಯಿ ಮುಚ್ಚಿಸುತ್ತೇನೆ ಎಂದು ಅವತ್ತೇ ನಿರ್ಧರಿಸಿದೆ. ಹೇಗೆಂದು ಮಾತ್ರ ಗೊತ್ತಿರಲಿಲ್ಲ.

ಎರಡು ತಿಂಗಳ ನಂತರ ಒಂದು ಶನಿವಾರ, ಅದೇ ಅಂಗಡಿಯಲ್ಲಿ, ರಾಶಿಯ ಅಡಿಯಿಂದ ಒಂದು ಹಸಿರು ಪರದೆ ಎಳೆದೆ. ಅಂಚಿಗೆ ಕೆಂಪು ದಾರದ ಕೈಹೊಲಿಗೆ. ಹಸಿರಿಗೆ ಕೆಂಪು ದಾರ ಹಾಕುವವಳು ಜಗತ್ತಿನಲ್ಲಿ ಒಬ್ಬಳೇ ಇದ್ದಳು. ಕಣ್ಣು ಮಂಜಾದ ಮೇಲೆ ಅಮ್ಮನಿಗೆ ಕಾಣುತ್ತಿದ್ದುದು ಆ ಬಣ್ಣ ಮಾತ್ರ. ರಾಶಿ ಕೆದಕಿದೆ. ನಾಲ್ಕೂ ಪರದೆ ಅಲ್ಲೇ ಇದ್ದವು.

ನಾನು ಅಲ್ಲೇ ಕುಕ್ಕರಗಾಲಲ್ಲಿ ಕೂತು ಅಂಚುಗಳನ್ನು ಒತ್ತಿ ನೋಡಿದೆ. ಪರದೆ ಗಾಳಿಗೆ ಹಾರದೆ ನೇರವಾಗಿ ಇಳಿಬೀಳಲೆಂದು ಅದರ ಕೆಳಮೂಲೆಗಳಲ್ಲಿ ತೂಕ ಇಟ್ಟು ಹೊಲಿಯುತ್ತಾರೆ. ಅಮ್ಮ ಇಡುತ್ತಿದ್ದುದು ಕಬ್ಬಿಣದ ವಾಷರ್. ಹೊಲಿಗೆ ಡಬ್ಬಿಯಲ್ಲಿ ಸೂಜಿ, ಗುಂಡಿ, ವಾಷರ್ ಎಲ್ಲ ಒಟ್ಟಿಗೇ ಬಿದ್ದಿರುತ್ತಿದ್ದವು. ಏಳು ಮೂಲೆಗಳಲ್ಲಿ ಚಪ್ಪಟೆ ಬಿಲ್ಲೆ ಕೈಗೆ ಸಿಕ್ಕಿತು. ಎಂಟನೆಯದು ಚಪ್ಪಟೆ ಇರಲಿಲ್ಲ. ದುಂಡಗೆ, ನುಣ್ಣಗೆ, ನಡುವೆ ಬೆರಳು ಹೋಗುವಷ್ಟು ತೂತು.

 ಅಲ್ಲೇ ಬಿಚ್ಚಿ ನೋಡುವ ಆಸೆಯಾಯಿತು. ಆದರೆ ಬಿಚ್ಚಲಿಲ್ಲ. ಬಿಚ್ಚಿ ತೋರಿಸಿದರೆ, ಕದ್ದದ್ದನ್ನು ಈಗ ನಾಟಕ ಮಾಡಿ ತಂದಳು ಅನ್ನುವ ನಾಲಿಗೆ ಅಕ್ಕನದು. ಅಮ್ಮನ ಹೊಲಿಗೆ ಹಾಗೇ ಇರಬೇಕಿತ್ತು.

"ರಸೀದಿ ಕೊಡಿ" ಎಂದೆ ಅಂಗಡಿಯಾಕೆಗೆ.

"ನಾಕು ಹಳೇ ಪರದೆಗೆ ರಸೀದೀನಾ? ಹುಷಾರಾಗಿದೀರಿ ತಾನೆ?" ಎಂದು ನಗುತ್ತಲೇ ತಾರೀಕು ಹಾಕಿ, ಮೊಹರು ಒತ್ತಿ ಕೊಟ್ಟಳು.

ಮರುದಿನ ಮಾವನ ಮನೆಯಲ್ಲಿ ಎಲ್ಲರೂ ಸೇರುವುದಿತ್ತು. ದಾರಿಯುದ್ದಕ್ಕೂ ಒಂದೇ ಹೆದರಿಕೆ. ಒಳಗಿರುವುದು ಯಾವುದೋ ನಲ್ಲಿಯ ಹಿತ್ತಾಳೆ ರಿಂಗ್ ಆಗಿದ್ದರೆ? ಕಳ್ಳಿಯ ಜೊತೆಗೆ ತಲೆಕೆಟ್ಟವಳು ಎಂಬ ಬಿರುದೂ ಸೇರುತ್ತದೆ.

ನಾನು ಪರದೆಗಳನ್ನು ನಡುಮನೆಯ ಮೇಜಿನ ಮೇಲೆ ಹಾಕಿದ್ದೇ ತಡ, ಅಕ್ಕ ಕಿಸಕ್ಕನೆ ನಕ್ಕಳು. "ಅಯ್ಯೋ ನಿನ್ನ! ನಾನೇ ಚೀಲಕ್ಕೆ ತುಂಬಿ ಎಸೆದಿದ್ದು ಕಣೇ ಇದು. ದುಡ್ಡು ಕೊಟ್ಟು ತಂದ್ಯಾ? ನೋಡಿ ಮಾವ, ಇವಳ ಬುದ್ಧಿ!"

"ನೀನೇ ಎಸೆದಿದ್ದಾ ಅಕ್ಕ? ಸರಿಯಾಗಿ ನೋಡು."

"ನೋಡೋದೇನು, ಈ ಕೈಯಾರೆ ತುಂಬಿದ್ದು. ಅಮ್ಮನ ಆ ದರಿದ್ರ ಕೆಂಪು ದಾರ ಗೊತ್ತಾಗಲ್ವಾ ನಂಗೆ?"

"ಮಾವ, ಕೇಳಿಸ್ಕೊಂಡ್ರಲ್ಲ. ಹೊಲಿಗೆ ಎಲ್ಲಾದ್ರೂ ಬಿಚ್ಚಿದ್ಯಾ ನೋಡಿ."

ಮಾವ ಕನ್ನಡಕ ಏರಿಸಿ ಎಂಟೂ ಮೂಲೆ ನೋಡಿ ಇಲ್ಲ ಎಂದರು. ನಾನು ಕತ್ತರಿಯನ್ನು ಅಕ್ಕನ ಕೈಗಿಟ್ಟೆ.

"ನೀನೇ ಬಿಚ್ಚು."

ಮೊದಲ ಮೂಲೆಯಿಂದ ವಾಷರ್ ಬಿತ್ತು. ಎರಡನೆಯದರಿಂದಲೂ. ಅಕ್ಕ ಆಕಳಿಸಿ, "ಇದೇನು ಹುಚ್ಚಾಟ" ಅಂದಳು. ನಾನು ಕೊನೆಯ ಪರದೆಯ ಅಂಚನ್ನು ಅವಳ ಮುಂದಕ್ಕೆ ತಳ್ಳಿದೆ. ಕತ್ತರಿ ಕೆಂಪು ದಾರ ಕತ್ತರಿಸಿತು. ಉಂಗುರ ಮೇಜಿನ ಮೇಲೆ ಬಿದ್ದು, ಒಂದು ಸುತ್ತು ಉರುಳಿ, ಮಾವನ ಲೋಟಕ್ಕೆ ತಗುಲಿ ನಿಂತಿತು.

 ಅಕ್ಕನ ಮುಖ ಬಿಳಿಚಿಕೊಂಡಿತು. ಸುಳ್ಳೇಕೆ, ನನಗೆ ಬಹಳ ಸಂತೋಷವಾಯಿತು.

ಆದರೆ ಅವಳು ನಮ್ಮಕ್ಕ. ಎರಡೇ ನಿಮಿಷದಲ್ಲಿ ಸುಧಾರಿಸಿಕೊಂಡು ಕೈ ಚಾಚಿದಳು. "ಸದ್ಯ, ಸಿಕ್ತಲ್ಲ! ಹಿರೀಮಗಳಿಗೆ ಅಂತ ಅಮ್ಮ ಯಾವಾಗ್ಲೋ ಹೇಳಿದ್ಲು."

ನಾನು ರಸೀದಿ ಬಿಡಿಸಿ ಮಾವನ ಮುಂದೆ ಇಟ್ಟೆ. "ಎಸೆದಿದ್ದು ಅವಳು, ಕೊಂಡಿದ್ದು ನಾನು. ಓದಿ ಮಾವ."

ಮಾವ ಓದಿದರು. ಆಮೇಲೆ ಉಂಗುರವನ್ನು ತಾವೇ ಎತ್ತಿ ನನ್ನ ಅಂಗೈಯಲ್ಲಿಟ್ಟು, "ನನ್ನಿಂದ ತಪ್ಪಾಯ್ತಮ್ಮ" ಅಂದರು. ನನಗೆ ಅಳು ಬಂತು, ಆದರೆ ಅಕ್ಕನ ಮುಂದೆ ಅಳುವ ದಿನ ಅದಾಗಿರಲಿಲ್ಲ.

"ಈಗ ಫೋನ್ ತೆಗಿ ಅಕ್ಕ. ಅವತ್ತು ಯಾರ್ಯಾರಿಗೆ ಮಾಡಿದ್ಯೋ ಅವರಿಗೆಲ್ಲ ಮಾಡು. ಸ್ಪೀಕರ್ ಹಾಕು."

ಹನ್ನೊಂದು ಜನಕ್ಕೆ ಮಾಡಿದಳು. ನಾಲ್ಕನೆಯವರ ಹೊತ್ತಿಗೆ ದನಿ ಬಿದ್ದುಹೋಯಿತು. ಅತ್ತೆ ನೀರು ತಂದುಕೊಟ್ಟರು. ಕುಡಿಯಲಿ ಎಂದು ಕಾದೆ, ಮತ್ತೆ ಮಾಡಿಸಿದೆ.

ಉಂಗುರ ನನ್ನ ಬೆರಳಿಗೂ ಸಡಿಲ. ಚಿಕ್ಕದು ಮಾಡಿಸಬಹುದಿತ್ತು, ಮಾಡಿಸಲಿಲ್ಲ. ಮಂಜುಗಣ್ಣಿಗೆ ವಾಷರ್ ಎನಿಸಿಯೋ, ಭದ್ರವಾಗಿರಲೆಂದೋ ಅಮ್ಮ ಇಟ್ಟಿದ್ದ ಮೂಲೆಯಲ್ಲೇ ಇಟ್ಟು, ಕೆಂಪು ದಾರದಲ್ಲಿ ಹೊಲಿದು, ಪರದೆಯನ್ನು ನಮ್ಮ ನಡುಮನೆಯ ಕಿಟಕಿಗೆ ಹಾಕಿದ್ದೇನೆ. ಅಕ್ಕ ಈಗಲೂ ತಿಂಗಳಿಗೊಮ್ಮೆ ಬರುತ್ತಾಳೆ, ಬರದಿದ್ದರೆ ಜನ ಆಡಿಕೊಳ್ಳುತ್ತಾರಲ್ಲ. ಬಂದಾಗ ಅವಳನ್ನು ಆ ಕಿಟಕಿಯ ಪಕ್ಕದ ಕುರ್ಚಿಯಲ್ಲೇ ಕೂರಿಸುತ್ತೇನೆ. ಗಾಳಿ ಬಂದಾಗ ಪರದೆಯ ಅಂಚು ಗೋಡೆಗೆ ಟಕ್ ಎಂದು ಬಡಿಯುತ್ತದೆ. ಅವಳು ಮಾತು ನಿಲ್ಲಿಸಿ ಅತ್ತ ನೋಡುತ್ತಾಳೆ.

"ಕಿಟಕಿ ಹಾಕೇ, ಚಳಿ" ಅನ್ನುತ್ತಾಳೆ.

ನಾನು ಹಾಕುವುದಿಲ್ಲ.