ಓಯಸಿಸ್ ಥಿಯೇಟರಿನ ಹೊರಮೆಟ್ಟಿಲು

ಪಿಯೆದ್ರಾ ಸೆಕಾ ಊರಿನ ಮೆಣಸಿನಕಾಯಿ ಹಬ್ಬದ ದಿನ ಬೆಳಗ್ಗೆ ಹೆರ್ಲಿಂದಾ ಕಾಯಿ ಸುಡುವ ತನ್ನ ತಿರುಗುವ ಜಾಲರಿ ಪೀಪಾಯಿಯನ್ನು ಎಂದಿನಂತೆ ಚೌಕದಲ್ಲಿ ಇಡಲಿಲ್ಲ. ಓಯಸಿಸ್ ಥಿಯೇಟರಿನ ಪಕ್ಕದ ಸಂದಿಗೆ ತಳ್ಳಿಸಿಕೊಂಡು ಬಂದು, ಕಬ್ಬಿಣದ ಹೊರಮೆಟ್ಟಿಲಿನ ಬುಡದಲ್ಲೇ ನಿಲ್ಲಿಸಿ ಗ್ಯಾಸ್ ಹೊತ್ತಿಸಿದಳು. ಹಸಿರು ಕಾಯಿಗಳು ಚಟಪಟ ಸಿಡಿಯುತ್ತಾ ಉರುಳತೊಡಗಿದವು. ಘಾಟು ಬೀದಿಯುದ್ದಕ್ಕೂ ಹಬ್ಬಿತು.

ಅವಳ ಅಣ್ಣನ ಮಗ ಎಫ್ರೆನ್ ಕೆಮ್ಮುತ್ತಾ ಓಡಿ ಬಂದ. ಥಿಯೇಟರ್ ಸಮಿತಿಯ ಅಧ್ಯಕ್ಷ ಅವನೇ. ವರ್ಷಗಟ್ಟಲೆ ಬೀಗ ಬಿದ್ದಿದ್ದ ಕಟ್ಟಡಕ್ಕೆ ಊರೂರು ಅಲೆದು ಚಂದಾ ಎತ್ತಿ ಜೀವ ಬರಿಸಿದವನು. ಆ ಮಟ್ಟಿಗೆ ಚಿನ್ನದಂಥ ಹುಡುಗ. ಸಂಜೆ ಮೊದಲ ಆಟ. ಅದಕ್ಕೂ ಮುಂಚೆ ಈ ಮೆಟ್ಟಿಲನ್ನು ಕತ್ತರಿಸಿ ತೆಗೆಯಲು ಆಳುಗಳು ಯಂತ್ರ ಹಿಡಿದು ಬಂದು ನಿಂತಿದ್ದರು.

"ಅತ್ತೆ, ಇಲ್ಲಿ ಯಾಕೆ ಇಟ್ಟೆ? ಮೆಟ್ಟಿಲು ತೆಗೀಬೇಕು."

"ನಾನಿರೋವಾಗ ಹೇಗೆ ತೆಗೀತೀಯೋ ನೋಡ್ತೀನಿ."

"ತುಕ್ಕು ಹಿಡಿದಿದೆ ಅತ್ತೆ!"

"ನನ್ನ ಮಂಡಿಗಿಂತ ಗಟ್ಟಿಯಾಗಿದೆ. ಮಂಡೀನೂ ಕತ್ತರಿಸ್ತೀಯಾ?"

ಆಳುಗಳು ನಕ್ಕುಬಿಟ್ಟರು. ಎಫ್ರೆನ್ ದನಿ ತಗ್ಗಿಸಿದ. "ಈಗ ಎಲ್ಲರಿಗೂ ಮುಂಬಾಗಿಲೇ. ನೀನು ರಾಣಿ ಹಾಗೆ ಬಂದು ಮೊದಲ ಸಾಲಲ್ಲಿ ಕೂತ್ಕೋ. ಹಳೇ ಗಾಯ ಯಾಕೆ ಕೆರೀಬೇಕು?"

"ಗಾಯ ಆಗಿದ್ದು ನಿಂಗಲ್ವಲ್ಲ, ಮಗನೇ."

ಹೆರ್ಲಿಂದಾ ಚಿಕ್ಕವಳಿದ್ದಾಗ ಅವಳಂಥ ಮೆಕ್ಸಿಕನ್ ಮಂದಿಗೆ ಈ ಥಿಯೇಟರಿನಲ್ಲಿ ಮುಂಬಾಗಿಲಿರಲಿಲ್ಲ, ಅದು ಬಿಳಿಯರಿಗೆ ಮಾತ್ರ. ಟಿಕೆಟ್ ಕೊಂಡು, ಸಂದಿಗೆ ಸುತ್ತಿ ಬಂದು, ಈ ಮೆಟ್ಟಿಲು ಹತ್ತಿ ಬಾಲ್ಕನಿ ಸೇರಬೇಕು. ಬೇಸಿಗೆಯಲ್ಲಿ ಕಂಬಿ ಹೆಂಚಿನ ಹಾಗೆ ಕಾಯುತ್ತಿತ್ತು. ಅವಳ ತಾಯಿ ಶಾಲನ್ನು ಕೈಗೆ ಸುತ್ತಿಕೊಂಡು ಕಂಬಿ ಹಿಡಿಯುತ್ತಿದ್ದಳು. ಮನೆಯಲ್ಲಿರುವ ಆ ಶಾಲು ಬಿಟ್ಟರೆ, ತಾಯಿಯ ನೆನಪಿಗೆ ಊರಿನಲ್ಲಿ ಉಳಿದಿದ್ದು ಇದೊಂದೇ. ಇದನ್ನೂ ತೆಗೆದು ಗೋಡೆಗೆ ಬಣ್ಣ ಬಳಿದರೆ, ಅಂಥದ್ದೇನೂ ನಡೆದೇ ಇರಲಿಲ್ಲ ಎಂದು ನಾಳೆ ಯಾರು ಬೇಕಾದರೂ ಹೇಳಬಹುದು. ಹೇಳಲು ಬಿಡುವವಳಲ್ಲ ಅವಳು.

ಅಷ್ಟರಲ್ಲಿ ಕಾಯಿಗೆ ಜನ ಸೇರಿದರು. ಹೆರ್ಲಿಂದಾ ಸುಟ್ಟ ಕಾಯಿ ಇಲ್ಲದೆ ಆ ಊರಿನಲ್ಲಿ ಹಬ್ಬದ ಒಲೆ ಹೊತ್ತುವುದಿಲ್ಲ. ಅವಳು ಸೊಂಟದ ಮೇಲೆ ಕೈಯಿಟ್ಟು ಸಾರಿದಳು: "ಕಾಯಿ ಬೇಕಾದವರು ಮೆಟ್ಟಿಲು ಹತ್ತಿ, ಬಾಲ್ಕನೀಲಿ ಕೂತು, ಇಳಿದು ಬನ್ನಿ. ಮೇಲಿನ ಬಾಗಿಲ ಚಿಲಕ ನಿನ್ನೇನೇ ತೆಗೆದಿಟ್ಟಿದ್ದೀನಿ."

ಎಫ್ರೆನ್ ತಲೆ ಚಚ್ಚಿಕೊಂಡ. ಜನ ಗೊಣಗುತ್ತಾ ನಗುತ್ತಾ ಹತ್ತಿದರು. ಮುದುಕರು ಕಂಬಿ ಸವರುತ್ತಾ ಹತ್ತಿದರು.

ಸಾಲಿನಲ್ಲಿ ಲೊರೀನ್ ಕೂಡ ಇದ್ದಳು. ಬಿಳಿಯರವಳು, ಹಳೆಯ ಮಾಲೀಕನ ಮಗಳು, ಥಿಯೇಟರನ್ನು ಊರಿಗೆ ದಾನ ಕೊಟ್ಟವಳು, ಸಮಿತಿ ಅವಳ ಮಾತು ಮೀರದು. ಹೆರ್ಲಿಂದಾಳದೇ ವಯಸ್ಸು.

"ಹೆರ್ಲಿಂದಾ, ನನಗೂ ಇದೇ ಕಾನೂನಾ? ನಾನು ಈ ಥಿಯೇಟರಲ್ಲೇ ಬೆಳೆದವಳು."

"ಮೇಲೆ ಹೋಗಿದ್ದೀರಾ?"

ಲೊರೀನ್ ತಲೆಯೆತ್ತಿ ಮೆಟ್ಟಿಲಿನ ತುದಿ ನೋಡಿದಳು. ಚೀಲ ಕೆಳಗಿಟ್ಟು ಹತ್ತಿದಳು. ಬಿಸಿಲೇರಿತ್ತು, ಕಂಬಿ ಮುಟ್ಟಿದವಳು ಕೈ ಹಿಂದಕ್ಕೆಳೆದುಕೊಂಡಿದ್ದನ್ನು ಹೆರ್ಲಿಂದಾ ನೋಡಿದಳು. ತಡೆಯಲಿಲ್ಲ. ಹತ್ತಲಿ, ಗೊತ್ತಾಗಲಿ.

ಒಳಗೆ ಸಂಜೆಯ ಚಿತ್ರವನ್ನು, ಹಳೇ ಕಾಲದ ಕುದುರೆ ಸವಾರರ ಚಿತ್ರವೊಂದನ್ನು, ಪರೀಕ್ಷೆಗೆಂದು ಓಡಿಸುತ್ತಿದ್ದರು. ಲೊರೀನ್ ಬಹಳ ಹೊತ್ತು ಇಳಿಯಲಿಲ್ಲ. ಇಳಿದಾಗ ಮುಖ ಸಪ್ಪಗಿತ್ತು.

"ಅಲ್ಲಿಂದ ಪರದೆ ಪೂರ್ತಿ ಕಾಣಲ್ಲ. ಕಟಕಟೆ ಅಡ್ಡ ಬರುತ್ತೆ. ಹೀರೋ ಮೊಣಕಾಲಿಂದ ಕೆಳಗೆ ಇಲ್ಲವೇ ಇಲ್ಲ."

"ನಾವು ಅಂದ್ಕೊಂಡಿದ್ವಿ, ಬಿಳಿಯರ ಹೀರೋಗಳು ತೇಲ್ಕೊಂಡೇ ಓಡಾಡ್ತಾರೆ ಅಂತ."

ಯಾರೋ ನಕ್ಕರು. ಲೊರೀನ್ ನಗಲಿಲ್ಲ. "ನಿಮ್ಮಮ್ಮಂಗೆ ಟಿಕೆಟ್ ಹರಿದು ಕೊಡ್ತಿದ್ದೋಳು ನಾನೇ. ಆಮೇಲೆ ಎಲ್ಲಿಗೆ ಹೋಗ್ತಾರೆ ಅಂತ ಒಂದಿನಾನೂ ತಿರುಗಿ ನೋಡ್ಲಿಲ್ಲ." ಕೆಂಪಾದ ಅಂಗೈಯನ್ನು ಬಿಚ್ಚಿ ನೋಡಿಕೊಂಡಳು. ಆಮೇಲೆ ತಿರುಗಿ, "ಎಫ್ರೆನ್, ಆ ಯಂತ್ರ ವಾಪಸ್ ಕಳಿಸು. ಮೆಟ್ಟಿಲು ಇರುತ್ತೆ" ಎಂದಳು.

ಎಫ್ರೆನ್ ಅತ್ತೆಯ ಮುಖ ನೋಡಿದ. ಅತ್ತೆ ಕಾಯಿ ತಿರುವುತ್ತಿದ್ದಳು, ಕಣ್ಣಲ್ಲಿ ನೀರು. ಘಾಟು ಅಂದುಕೊಳ್ಳಲಿ ಎಂದು ಒರೆಸಿಕೊಳ್ಳಲೂ ಹೋಗಲಿಲ್ಲ.

ಸಂಜೆ ಹೆರ್ಲಿಂದಾ ತಾಯಿಯ ಶಾಲು ಹೊದ್ದು ಮುಂಬಾಗಿಲಿನಿಂದಲೇ ಒಳಗೆ ಹೋದಳು. ಮೊದಲ ಸಾಲಿನ ನಟ್ಟನಡುವೆ ಕೂತಳು. ಪಕ್ಕದಲ್ಲಿ ಲೊರೀನಳ ಕುರ್ಚಿ ಖಾಲಿಯಿತ್ತು. ದೀಪ ಆರಿತು. ಚಿಕ್ಕಂದಿನಲ್ಲಿ ಬಾಲ್ಕನಿಯಿಂದ ನೋಡಿದ್ದ ಅದೇ ಹೀರೋ ಕುದುರೆಯಿಂದ ಇಳಿದ. ಮೊದಲ ಸಲ ಅವಳಿಗೆ ಅವನ ಬೂಟು ಕಂಡಿತು.

ಹಿಮ್ಮಡಿ ಸವೆದು ಒಂದು ಕಡೆ ವಾಲಿದ್ದ ಹಳೇ ಬೂಟು. ಅವಳಪ್ಪನ ಕೆಲಸದ ಬೂಟಿಗಿಂತ ಕಡೆ. ಅವಳಿಗೆ ತಡೆಯಲಾರದ ನಗು ಬಂತು. ಹುಟ್ಟಿದಾಗಿನಿಂದ ಲೊರೀನಳಿಗೆ 'ನೀವು' ಅಂದವಳ ಬಾಯಿಗೆ ಬಂದಿದ್ದೇ ಬೇರೆ:

"ಲೊರೀನ್! ಎಲ್ಲಿದ್ದೀಯೇ? ಅವನ ಬೂಟು ಸವೆದುಹೋಗಿದೆ ಕಣೇ!"

ಮೇಲೆ ಬಾಲ್ಕನಿಯ ಕತ್ತಲಿನಿಂದ ಮುದಿ ದನಿಯೊಂದು ಕೂಗಿತು: "ನಂಗೆ ಕಾಣ್ತಿಲ್ಲ. ನೀನೇ ಹೇಳ್ತಾ ಹೋಗು!"